ದನದ ಮೈಮೇಲೆ ಗಂಟು ಕಂಡರೆ

2022ರ ಮಳೆಗಾಲದ ಕೊನೆಗೆ ಹಾವೇರಿ, ಧಾರವಾಡ, ಗದಗ ಜಿಲ್ಲೆಗಳಲ್ಲಿ ಚರ್ಮಗಂಟು ರೋಗ, ಅಂದರೆ ಲಂಪಿ, ಹಬ್ಬಿತು. ದನದ ಸಂತೆಗಳು ನಿಂತವು, ಕಟ್ಟಿದ ಎತ್ತುಗಳು ಕಟ್ಟಿದಲ್ಲೇ ಸೊರಗಿದವು. ಅಂದಿನಿಂದ ದನದ ಮೈಮೇಲೆ ಏನೇ ಎದ್ದರೂ "ಲಂಪಿ" ಅನ್ನುವುದು ರೂಢಿಯಾಗಿದೆ. ಅದಕ್ಕಿಂತ ಕೆಟ್ಟದ್ದು, ನಿಜವಾದ ಲಂಪಿಯನ್ನು "ಉಣ್ಣಿ ಕಡಿದಿರಬೇಕು ಬಿಡು" ಎಂದು ನಾಲ್ಕು ದಿನ ಬಿಟ್ಟುಬಿಡುವುದು. ದುಮ್ಮವಾಡ, ಕಲಘಟಗಿಯ ಕಡೆ ಹೈನಕ್ಕೆಂದು ಹೊಸದಾಗಿ ಆಕಳು, ಎಮ್ಮೆ ಕಟ್ಟಿದವರಿಗಾಗಿ ಇದನ್ನು ಬರೆದಿದ್ದೇನೆ.

ಹಂತ 1: ದಿನಾ ಮೈದಡವಿ

ಹಾಲು ಹಿಂಡಿದ ಮೇಲೆ ಐದು ನಿಮಿಷ ಸಾಕು. ಕಿವಿಯ ಒಳಗೆ, ಕಣ್ಣಿನ ಸುತ್ತ, ಗಂಗೆದೊಗಲು, ಮುಂಗಾಲಿನ ಸಂದು, ಕೆಚ್ಚಲು, ತೊಡೆಯ ಸಂದು, ಬಾಲದ ಬುಡ, ಈ ಕ್ರಮದಲ್ಲಿ ಕೈಯಾಡಿಸಿ. ಭುಜದ ಮುಂಭಾಗವನ್ನು ಒತ್ತಿ ನೋಡಿ. ಚರ್ಮದ ಕೆಳಗೆ ಗಡ್ಡೆ ಊದಿದ್ದರೆ ಮೈಯೊಳಗೆ ಸೋಂಕು ಇದೆ ಎಂದೇ ತಿಳಿಯಿರಿ. ಕಪ್ಪು ಎಮ್ಮೆಯಲ್ಲಿ ಕಣ್ಣಿಗೆ ಕಾಣದ್ದು ಕೈಗೆ ಸಿಗುತ್ತದೆ. 2021ರಲ್ಲಿ ಪ್ರತ್ಯೇಕ ತಳಿಯೆಂದು ಮಾನ್ಯತೆ ಪಡೆದ ನಮ್ಮ ಧಾರವಾಡಿ ಎಮ್ಮೆಗೂ ಈ ಮಾತು ಸಲ್ಲುತ್ತದೆ. ಎಮ್ಮೆಗೆ ಲಂಪಿ ಬರುವುದು ಆಕಳಿಗಿಂತ ಕಡಿಮೆ, ಬರುವುದೇ ಇಲ್ಲ ಎಂದಲ್ಲ.

ದಿನಾ ಎತ್ತಿನ ಮೈ ತೊಳೆಯುವವರಿಗೆ ಈ ಹಂತವನ್ನು ಹೇಳಿಕೊಡಬೇಕಾಗಿಲ್ಲ. ಕಾರಹುಣ್ಣಿಮೆಗೊಮ್ಮೆ ಮಾತ್ರ ತೊಳೆಯುವವರಿಗೆ ಹೇಳಬೇಕು.

ಹಂತ 2: ಸಿಕ್ಕಿದ್ದು ಏನೆಂದು ಗುರುತಿಸಿ

ಕಿತ್ತರೆ ಕೈಗೆ ಬರುವ ಬೂದು ಕಾಳಿನಂಥದ್ದು ಉಣ್ಣಿ. ಕಿವಿ, ಕೆಚ್ಚಲು, ಬಾಲದ ಕೆಳಗೆ ಗುಂಪಾಗಿ ಇರುತ್ತದೆ.

ಕೂದಲು ಉದುರಿ, ಚರ್ಮ ದಪ್ಪಗಾಗಿ ಮಡಿಕೆ ಬಿದ್ದು, ದನ ಸದಾ ಕಂಬಕ್ಕೆ ಮೈ ಉಜ್ಜುತ್ತಿದ್ದರೆ ಕಜ್ಜಿ. ಇದು ಕಣ್ಣಿಗೆ ಕಾಣದ ನುಸಿಯಿಂದ ಬರುತ್ತದೆ.

ಕರುವಿನ ಮುಖ, ಕಣ್ಣಿನ ಸುತ್ತ ನಾಣ್ಯದಷ್ಟಗಲ ದುಂಡಗೆ ಬೂದಿಬಣ್ಣದ ಹಕ್ಕಳೆ ಕಟ್ಟಿದರೆ ಅದು ಹುಳುಕಡ್ಡಿ, ಅಂದರೆ ಬೂಷ್ಟಿನ ರೋಗ. ಮನುಷ್ಯರಿಗೂ ಅಂಟುತ್ತದೆ. ಕರುವಿನ ಜೊತೆ ಆಡುವ ಮಕ್ಕಳ ಕೈ, ಕುತ್ತಿಗೆಯನ್ನೂ ನೋಡಿ. ಔಷಧದ ಜೊತೆಗೆ ಕರುವಿಗೆ ಬಿಸಿಲು ಬೇಕು, ಕಟ್ಟುವ ಜಾಗ ಒಣಗಿರಬೇಕು.

ಎತ್ತಿನ ಹೆಗಲ ಮೇಲೆ ಮಾತ್ರ ಬಾವು ಇದ್ದರೆ ನೊಗದ ಪೆಟ್ಟು. ಮಾಯುವ ತನಕ ನೊಗ ಹೂಡಬೇಡಿ. ಬಿತ್ತನೆ ಇದ್ದರೂ ಸರಿ.

ಕಲಘಟಗಿಯ ಕಾಡಂಚಿನಲ್ಲಿ ಮೇಯುವ ದನಗಳಿಗೆ ಇನ್ನೊಂದು ಕಾಟವಿದೆ, ಅದನ್ನು ಬಹಳ ಜನ ಚರ್ಮರೋಗವೆಂದೇ ತಿಳಿಯುತ್ತಾರೆ. ಲಂಟಾನ ತಿಂದ ದನದ ಯಕೃತ್ತು ಕೆಡುತ್ತದೆ, ಆಮೇಲೆ ಬಿಸಿಲು ತಾಗಿದರೆ ಬಿಳಿ ಚರ್ಮ, ಮೂತಿ, ಕಿವಿ ಸುಟ್ಟಂತಾಗಿ ಸಿಪ್ಪೆ ಏಳುತ್ತವೆ. ಸಗಣಿ ಗಟ್ಟಿಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಇಲ್ಲಿ ಮುಲಾಮು ಹಚ್ಚುತ್ತ ಕೂರುವುದರಿಂದ ಪ್ರಯೋಜನವಿಲ್ಲ. ನೆರಳಿಗೆ ಕಟ್ಟಿ, ಡಾಕ್ಟರನ್ನು ಕರೆಯಿರಿ.

ಇನ್ನು ಲಂಪಿ. ಗಂಟಿಗಿಂತ ಮೊದಲು ಜ್ವರ ಬರುತ್ತದೆ, ಕಣ್ಣು ಮೂಗು ಸೋರುತ್ತವೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಒಂದೆರಡು ದಿನದಲ್ಲಿ ಕುತ್ತಿಗೆ, ಬೆನ್ನು, ಕಾಲು, ಕೆಚ್ಚಲ ಮೇಲೆ 2ರಿಂದ 5 ಸೆಂಟಿಮೀಟರ್ ಅಗಲದ ಗಟ್ಟಿ, ದುಂಡನೆಯ ಗಂಟುಗಳು ಏಳುತ್ತವೆ. ಕಾಲು, ಎದೆ ಊದಿ ದನ ಕುಂಟಬಹುದು. ಸೊಳ್ಳೆ ಕಡಿದ ಗಂದೆ ಒತ್ತಿದರೆ ಮೆತ್ತಗಿರುತ್ತದೆ, ಬೇಗ ಇಳಿಯುತ್ತದೆ. ಲಂಪಿಯ ಗಂಟು ಬೇಗ ಇಳಿಯುವುದಿಲ್ಲ, ಹಲವು ಸಲ ಕೆಲ ದಿನಕ್ಕೆ ನಡು ಸತ್ತು ಕುಣಿ ಬೀಳುತ್ತದೆ.

ಹಂತ 3: ಜ್ವರ ನೋಡಿ

ಔಷಧಿ ಅಂಗಡಿಯ ಥರ್ಮಾಮೀಟರ್ ಒಂದನ್ನು ಕೊಟ್ಟಿಗೆಗೇ ಮೀಸಲಿಡಿ. ತುದಿಗೆ ಎಣ್ಣೆ ಸವರಿ ಗುದದ್ವಾರದಲ್ಲಿ ಒಂದು ನಿಮಿಷ ಹಿಡಿಯಿರಿ, ಕೈ ಬಿಡಬೇಡಿ. ಸಾಮಾನ್ಯವಾಗಿ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರುತ್ತದೆ. 104 ದಾಟಿದ್ದರೆ, ಗಂಟು ಇನ್ನೂ ಎದ್ದಿರದಿದ್ದರೂ, ಕಾಯಬೇಡಿ.

ಹಂತ 4: ಬೇರೆ ಕಟ್ಟಿ, 1962ಕ್ಕೆ ಫೋನ್ ಮಾಡಿ

ಲಂಪಿಯ ವೈರಾಣುವನ್ನು ಸೊಳ್ಳೆ, ಕಚ್ಚುವ ನೊಣ, ಉಣ್ಣಿ ಹೊತ್ತು ತಿರುಗುತ್ತವೆ. ಹಾಗಾಗಿ ಅದೇ ಕೊಟ್ಟಿಗೆಯ ಇನ್ನೊಂದು ಮೂಲೆಗೆ ಕಟ್ಟಿದರೆ ಬೇರೆ ಕಟ್ಟಿದಂತಲ್ಲ. ದೂರದ ನೆರಳಿಗೆ ಒಯ್ಯಿರಿ. ಗೋದಲಿ, ನೀರಿನ ಬಕೀಟು ಬೇರೆ ಇರಲಿ. ಗಟ್ಟಿ ದನಗಳ ಕೆಲಸ ಮೊದಲು, ರೋಗಿಯದು ಕಡೆಗೆ. ಊರಿನ ದನದ ದವಾಖಾನೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿದರೆ ಪಶು ಆಂಬುಲೆನ್ಸ್ ಸಿಗುತ್ತದೆ. ಈ ರೋಗ ಮನುಷ್ಯರಿಗೆ ಬರುವುದಿಲ್ಲ. ಹಾಲನ್ನು ಚೆನ್ನಾಗಿ ಕುದಿಸಿ ಕುಡಿಯಬಹುದು. ಆದರೆ ಚುಚ್ಚುಮದ್ದು ಕೊಡಿಸಿದ್ದರೆ ಎಷ್ಟು ದಿನ ಹಾಲು ಬಳಸಬಾರದೆಂದು ಡಾಕ್ಟರನ್ನೇ ಕೇಳಿ.

ಹಂತ 5: ಆರೈಕೆ

ವೈರಾಣುವನ್ನೇ ಕೊಲ್ಲುವ ಮದ್ದು ಲಂಪಿಗಿಲ್ಲ. ಡಾಕ್ಟರು ಕೊಡುವುದು ಜ್ವರಕ್ಕೆ, ನೋವಿಗೆ, ಹುಣ್ಣು ಕೀವಾಗದಂತೆ. ದನ ಸಾಯುವುದು ಹೆಚ್ಚಾಗಿ ಗಂಟಿನಿಂದಲ್ಲ; ಮೇವು ಬಿಟ್ಟು ಸೊರಗಿ, ಹುಣ್ಣಿಗೆ ಹುಳು ಬಿದ್ದು, ಶ್ವಾಸಕೋಶಕ್ಕೆ ಸೋಂಕು ಇಳಿದು. ಇದರಲ್ಲಿ ಅರ್ಧ ನಿಮ್ಮ ಕೈಯಲ್ಲಿದೆ: ಎಳೆ ಹಸಿಹುಲ್ಲು, ಗಂಜಿ, ಬೆಲ್ಲದ ನೀರನ್ನು ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಹಲವು ಸಲ ಕೊಡಿ.

ಚಿಕಿತ್ಸೆಯ ಜೊತೆಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹೇಳಿಕೊಟ್ಟ ಮನೆಮದ್ದನ್ನೂ ಮಾಡಬಹುದು. 10 ವೀಳ್ಯದೆಲೆ, 10 ಗ್ರಾಂ ಮೆಣಸು, 10 ಗ್ರಾಂ ಉಪ್ಪನ್ನು ಅರೆದು ಬೆಲ್ಲದಲ್ಲಿ ಕಲಸಿ ಉಂಡೆ ಮಾಡಿ. ಮೊದಲ ದಿನ ಮೂರು ತಾಸಿಗೊಂದು, ಆಮೇಲೆ ಎರಡು ವಾರ ದಿನಕ್ಕೆ ಮೂರು. ಪ್ರತಿ ಸಲ ಹೊಸದಾಗಿ ಅರೆಯಬೇಕು. ಹುಣ್ಣಿಗೆ: ಕುಪ್ಪಿಗಿಡ, ಬೇವು, ತುಳಸಿ, ಮದರಂಗಿ ಎಲೆ ತಲಾ ಒಂದು ಹಿಡಿ, 10 ಎಸಳು ಬೆಳ್ಳುಳ್ಳಿ, 20 ಗ್ರಾಂ ಅರಿಸಿನ ಅರೆದು ಅರ್ಧ ಲೀಟರ್ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ, ಆರಿಸಿ, ತೊಳೆದ ಹುಣ್ಣಿಗೆ ಹಚ್ಚಿ. ಹುಳು ಬಿದ್ದಿದ್ದರೆ ಮೊದಲು ಸೀತಾಫಲದ ಎಲೆ ಅರೆದು ಹಚ್ಚಿ, ಇಲ್ಲವೇ ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ.

ಬರೆ ಹಾಕಬೇಡಿ. ಒಂದು ಹುಣ್ಣಿದ್ದ ದನಕ್ಕೆ ಅದು ಹತ್ತು ಹುಣ್ಣು ಮಾಡುತ್ತದೆ. ಸುಟ್ಟ ಇಂಜಿನ್ ಆಯಿಲ್, ಸೀಮೆಎಣ್ಣೆ, ಹೊಲಕ್ಕೆ ಹೊಡೆಯುವ ವಿಷ ಯಾವುದೂ ಚರ್ಮಕ್ಕೆ ಬೇಡ. ದನ ಮೈ ನೆಕ್ಕುತ್ತದೆ.

ಹಂತ 6: ಗೋಡೆಗೂ ಮದ್ದು

ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ಕೆಳಗೆ ಬಿದ್ದು ಗೋಡೆಯ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ದನಕ್ಕೆ ಮಾತ್ರ ಔಷಧಿ ಹೊಡೆದರೆ ಮೂರು ವಾರಕ್ಕೆ ಮತ್ತೆ ಅಷ್ಟೇ. ಡಾಕ್ಟರು ಹೇಳಿದ ಉಣ್ಣಿ ಔಷಧಿಯನ್ನು ಬಾಟಲಿಯ ಮೇಲಿನ ಅಳತೆಯಲ್ಲೇ ಬೆರೆಸಿ, ದನದ ಮೈಗೂ ಕೊಟ್ಟಿಗೆಯ ಸಂದುಗೊಂದಿಗೂ ಒಂದೇ ದಿನ ಹೊಡೆಯಿರಿ. ಎರಡು-ಮೂರು ವಾರ ಬಿಟ್ಟು ಇನ್ನೊಮ್ಮೆ. ಮೊದಲು ದನಕ್ಕೆ ಹೊಟ್ಟೆತುಂಬ ನೀರು ಕುಡಿಸಿರಿ, ಮೇವು ನೀರಿಗೆ ಸಿಡಿಯದಂತೆ ನೋಡಿಕೊಳ್ಳಿ. ಸಂಜೆ ಬೇವಿನೆಲೆಯ ಹೊಗೆ ಸೊಳ್ಳೆಗೆ ಒಳ್ಳೆಯದು.

ಹಂತ 7: ಲಸಿಕೆ

ಲಂಪಿಗೆ ನಮ್ಮಲ್ಲಿ ಆಡಿನ ಸಿಡುಬಿನ ಲಸಿಕೆಯನ್ನೇ ಹಾಕುತ್ತ ಬಂದಿದ್ದಾರೆ. ಎರಡೂ ವೈರಾಣುಗಳು ಒಂದೇ ಬಳಗದವು. ನಾಲ್ಕು ತಿಂಗಳು ದಾಟಿದ ಕರುವಿನಿಂದ ಹಿಡಿದು ಎಲ್ಲಕ್ಕೂ ವರ್ಷಕ್ಕೊಮ್ಮೆ ಹಾಕಿಸಿ. ಮೈಯಲ್ಲಿ ರಕ್ಷಣೆ ಬೆಳೆಯಲು ಸುಮಾರು ಮೂರು ವಾರ ಬೇಕು, ಆದ್ದರಿಂದ ಮುಂಗಾರಿಗೆ ಮುಂಚೆಯೇ ಮುಗಿಸಿ. ರೋಗ ಬಂದ ದನಕ್ಕೆ ಆಗ ಹಾಕಿಸಬಾರದು. ಸಂತೆಯಿಂದ ತಂದ ದನವನ್ನು 28 ದಿನ ಬೇರೆಯೇ ಕಟ್ಟಿ.

ಒಂದು ವೇಳೆ ದನ ಸತ್ತರೆ, ಚರ್ಮ ಸುಲಿಯಲು ಕೊಡದೆ ಆಳವಾದ ಕುಣಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಆದರೆ ಹೂಳುವ ಮೊದಲು ಡಾಕ್ಟರು ಬಂದು ನೋಡಲಿ. 2022ರಲ್ಲಿ ಸರ್ಕಾರ ಎತ್ತಿಗೆ 30,000, ಆಕಳಿಗೆ 20,000, ಕರುವಿಗೆ 5,000 ರೂಪಾಯಿ ಪರಿಹಾರ ಪ್ರಕಟಿಸಿತ್ತು. ಅಂಥ ಯಾವ ಪರಿಹಾರಕ್ಕೂ ದನ ಈ ರೋಗದಿಂದಲೇ ಸತ್ತಿತೆಂಬ ಪಶುವೈದ್ಯರ ಕಾಗದ ಬೇಕು, ಹೂತ ಮೇಲೆ ಅದನ್ನು ಪಡೆಯುವುದು ಕಷ್ಟ.