ಎಂಬತ್ತು ಸಾವಿರದ ಕೋರ್ಸೋ, ಸರ್ಕಾರಿ ಐಟಿಐಯೋ?

ಪ್ರಶ್ನೆ: ನಮ್ಮದು ಅಕ್ಕಲಕೋಟ ತಾಲೂಕಿನ ಹಳ್ಳಿ. ಮಗ ಈ ಸಲ ಕನ್ನಡ ಮಾಧ್ಯಮದಾಗ ಹತ್ತನೇತ್ತ ಮುಗಿಸ್ಯಾನ, ನೂರಕ್ಕ 62 ಬಿದ್ದಾವ. ಗಾಡಿ ಕಂಡ್ರ ಅವಗ ಊಟದ ನೆನಪಿರೂದಿಲ್ಲ. ಪುಣೆದಾಗ ಒಂದು ಖಾಸಗಿ ಸಂಸ್ಥೆಯವರು ಒಂದು ವರ್ಷದ ಮೆಕ್ಯಾನಿಕ್ ಕೋರ್ಸಿಗೆ 80 ಸಾವಿರ ಕೇಳ್ತಾರ, ಮುಗಿದ ಕೂಡ್ಲೇ 15 ಸಾವಿರದ ನೌಕರಿ ಖಾತ್ರಿ ಅಂತಾರ. ಇರೂದಕ್ಕ, ಉಣ್ಣೂದಕ್ಕ ತಿಂಗಳಿಗೆ ಆರೂವರೆ ಸಾವಿರ ಬ್ಯಾರೆ. ಸೊಲ್ಲಾಪುರದಾಗ ಗ್ಯಾರೇಜ್ ಇಟ್ಟ ನನ್ನ ತಮ್ಮ, ‘ಕೋರ್ಸ್ ಯಾಕ ಬೇಕು, ನನ್ನ ಕಡೆ ಬಿಡು, ಎರಡು ವರ್ಷದಾಗ ಮಿಸ್ತ್ರಿ ಮಾಡ್ತೀನಿ’ ಅಂತಾನ. ಮನೆಯವರದು ಐಟಿಐ ಅಂತ ಹಟ. ನನ್ನ ಬೋರಮಾಳ ಅಡವಿಟ್ರ ಫೀ ಆಗ್ತದ. ಇಡಲೇನು?

ಉತ್ತರ: ಇಡಬೇಡಿ, ತಂಗಿ. ಈ ಕೋರ್ಸಿಗಂತೂ ಬೇಡ. ಯಾಕೆ ಅನ್ನುವುದನ್ನು ನೀವು ಕೊಟ್ಟ ಅಂಕಿಗಳಿಂದಲೇ ಲೆಕ್ಕ ಹಾಕೋಣ.

ಫೀ 80 ಸಾವಿರ. ರೂಮು, ಮೆಸ್ಸು ತಿಂಗಳಿಗೆ 6,500ರಂತೆ ವರ್ಷಕ್ಕೆ 78 ಸಾವಿರ. ಅಲ್ಲಿಗೆ 1,58,000 ಆಯಿತು. ಬಂಗಾರದ ಸಾಲದ ಬಡ್ಡಿಯನ್ನು ನಾನಿನ್ನೂ ಹಿಡಿದಿಲ್ಲ. ಅವರು ಹೇಳಿದ 15 ಸಾವಿರದ ನೌಕರಿ ಸಿಕ್ಕೇ ಸಿಗುತ್ತದೆ ಎಂದುಕೊಳ್ಳಿ. ಅದು ಪುಣೆಯ ನೌಕರಿ. ರೂಮಿಗೂ ಮೆಸ್ಸಿಗೂ ಅದೇ ಆರೂವರೆ ಸಾವಿರ ಹೋಗುತ್ತದೆ. ಬಸ್ಸು, ಮೊಬೈಲು, ಹಬ್ಬಕ್ಕೆ ಊರಿಗೆ ಬರುವ ಖರ್ಚು ಅಂತ ಇನ್ನೊಂದು ಮೂರು ಸಾವಿರ. ಉಳಿಯುವುದು 5,500. ಹಾಕಿದ ದುಡ್ಡು ಹೊರಳಿ ಬರಲು 29 ತಿಂಗಳು ಬೇಕು. ಕೋರ್ಸಿನ ವರ್ಷವನ್ನೂ ಸೇರಿಸಿದರೆ ಮೂರೂವರೆ ವರ್ಷಕ್ಕೆ ಹತ್ತಿರ. ನೌಕರಿ ಎರಡು ತಿಂಗಳು ತಡವಾದರೆ, ಇಲ್ಲವೇ 15ರ ಬದಲು 12 ಸಾವಿರಕ್ಕೆ ಬಂದರೆ ಏನಾಗುತ್ತದೆಂದು ನೀವೇ ನೋಡಿ. 12 ಸಾವಿರಕ್ಕಾದರೆ ತಿಂಗಳಿಗೆ ಉಳಿಯುವುದು ಎರಡೂವರೆ ಸಾವಿರ ಮಾತ್ರ.

ಇನ್ನು ನಿಮ್ಮ ಯಜಮಾನರ ಹಟ. ಮೋಟಾರು ವಾಹನ ಮೆಕ್ಯಾನಿಕ್ ಟ್ರೇಡು ಐಟಿಐಯಲ್ಲಿ ಎರಡು ವರ್ಷದ್ದು, ಹತ್ತನೇತ್ತ ಪಾಸಾದವರಿಗೆ. ಡೀಸೆಲ್ ಮೆಕ್ಯಾನಿಕ್ ಒಂದೇ ವರ್ಷದ್ದು. ಸರ್ಕಾರಿ ಐಟಿಐ ಸೊಲ್ಲಾಪುರದಲ್ಲೂ ಇದೆ, ಅಕ್ಕಲಕೋಟದಲ್ಲೂ ಇದೆ. ಎರಡೂ ಊರಿನ ನಡುವೆ ಸುಮಾರು 40 ಕಿಲೋಮೀಟರು, ವಿದ್ಯಾರ್ಥಿಗಳಿಗೆ ಎಸ್‌ಟಿ (ರಾಜ್ಯ ಸಾರಿಗೆ) ಬಸ್ಸಿನಲ್ಲಿ ರಿಯಾಯಿತಿ ಪಾಸ್ ಸಿಗುತ್ತದೆ. ಹುಡುಗ ಮನೆಯಲ್ಲೇ ಉಂಡು, ಮನೆಯಲ್ಲೇ ಮಲಗಿ ಕಲಿಯುತ್ತಾನೆ. ಫೀ, ಪಾಸು, ಪುಸ್ತಕ, ಸಮವಸ್ತ್ರ, ಬೂಟು ಎಲ್ಲಕ್ಕೂ ಎರಡು ವರ್ಷಕ್ಕೆ, ಹೆಚ್ಚಾಗಿಯೇ ಹಿಡಿಯೋಣ, 30 ಸಾವಿರ.

ಪುಣೆಯವರು ಹೇಳದೆ ಬಿಟ್ಟ ಮಾತೊಂದಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಐಟಿಐ ಮುಗಿಸಿದವನು ಕಂಪನಿಯಲ್ಲೋ ಸರ್ಕಾರಿ ವರ್ಕ್‌ಶಾಪಿನಲ್ಲೋ ಒಂದು ವರ್ಷ ಶಿಕಾವು ಉಮೇದವಾರನಾಗಿ, ಅಂದರೆ ಅಪ್ರೆಂಟಿಸ್ ಆಗಿ, ಸೇರಬಹುದು. ಅಲ್ಲಿ ಕಲಿಸುವವರೇ ಅವನಿಗೆ ದುಡ್ಡು ಕೊಡಬೇಕು. 2019ರಲ್ಲಿ ತಿದ್ದಿದ ನಿಯಮದಲ್ಲೇ ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಇತ್ತು. ವರ್ಷಕ್ಕೆ 84 ಸಾವಿರವಾಯಿತು. ಮೂರು ವರ್ಷದ ಕೊನೆಗೆ ಪುಣೆಯ ದಾರಿಯಲ್ಲಿ ಹೋದ ಹುಡುಗ ಇನ್ನೂ ಸಾಲ ತೀರಿಸುತ್ತಿರುತ್ತಾನೆ. ಐಟಿಐ ದಾರಿ ಹಿಡಿದವನ ಕೈಯಲ್ಲಿ ಐಟಿಐದೊಂದು, ಅಪ್ರೆಂಟಿಸದೊಂದು, ಎರಡು ಸರ್ಟಿಫಿಕೇಟು ಇರುತ್ತವೆ, ಬೋರಮಾಳ ನಿಮ್ಮ ಕೊರಳಲ್ಲೇ ಇರುತ್ತದೆ.

ಸೊಲ್ಲಾಪುರ ಈ ವಿದ್ಯೆಗೆ ಬರಡು ಊರೂ ಅಲ್ಲ. ಎಸ್‌ಟಿ ಮಹಾಮಂಡಳವು ಮೋಟಾರು ಮೆಕ್ಯಾನಿಕ್, ಡೀಸೆಲ್ ಮೆಕ್ಯಾನಿಕ್ ಕಲಿತವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಸೊಲ್ಲಾಪುರವೇ ಮಧ್ಯ ರೈಲ್ವೆಯ ಒಂದು ವಿಭಾಗ. ಅನೇಕರಿಗೆ ಗೊತ್ತಿಲ್ಲದ ಸಂಗತಿ: ರೈಲು ಎಂಜಿನ್ನಿನ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಹತ್ತನೇತ್ತದ ಜೊತೆ ಕೇಳುವ ಐಟಿಐ ಟ್ರೇಡುಗಳ ಪಟ್ಟಿಯಲ್ಲಿ ಮೋಟಾರು ಮೆಕ್ಯಾನಿಕ್ಕೂ ಇದೆ, ಡೀಸೆಲ್ಲೂ ಇದೆ. ಭರ್ತಿ ಬಂದಾಗ ಲಕ್ಷಗಟ್ಟಲೆ ಅರ್ಜಿ ಬೀಳುತ್ತವೆ, ಅದನ್ನೇ ನಂಬಿ ಕೂರಬಾರದು. ಆದರೆ ಸರ್ಕಾರದ ಮಾನ್ಯತೆಯಿಲ್ಲದ ಖಾಸಗಿ ಸರ್ಟಿಫಿಕೇಟು ಹಿಡಿದವನಿಗೆ ಅರ್ಜಿ ಹಾಕುವ ಬಾಗಿಲೇ ಇರುವುದಿಲ್ಲ. ಮುಂದೆ ಓದುವ ಮನಸ್ಸಾದರೆ ಎರಡು ವರ್ಷದ ಐಟಿಐ ಮೇಲೆ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೇ ನೇರ ಪ್ರವೇಶಕ್ಕೆ ದಾರಿ ಇದೆ. ಐಟಿಐ ಮುಗಿಸಿದವರಿಗೆ ಸಿಗುವ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟು ಗಡಿಯಾಚೆಯ ವಿಜಯಪುರ, ಕಲಬುರಗಿಯಲ್ಲೂ ನಡೆಯುತ್ತದೆ.

ನಿಮ್ಮ ತಮ್ಮನ ಮಾತನ್ನು ತೆಗೆದುಹಾಕುವವಳು ನಾನಲ್ಲ. ಗ್ಯಾರೇಜಿನ ನೆಲದ ಮೇಲೆ ಕೂತು ಪಾನಾ ಹಿಡಿದು ಕಲಿತ ಕೈಗೆ ಬರುವ ಹದ ಯಾವ ತರಗತಿಯಲ್ಲೂ ಬರುವುದಿಲ್ಲ. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವ ಮಿಸ್ತ್ರಿಗಳು ನಮ್ಮಲ್ಲಿದ್ದಾರೆ, ಅವರಲ್ಲಿ ಬಹಳ ಮಂದಿ ಶಾಲೆ ಬಿಟ್ಟವರು. ಆದರೆ ಅವರು ಕಲಿತ ಕಾಲದ ಗಾಡಿಗಳು ಕಡಿಮೆಯಾಗುತ್ತಿವೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂತು, ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು. ಸೆನ್ಸರ್ ಕೆಟ್ಟರೆ ಸ್ಕ್ಯಾನರ್ ಹಚ್ಚಿ ಕೋಡ್ ಓದಬೇಕು, ವೈರಿಂಗ್ ನಕ್ಷೆ ತಿಳಿಯಬೇಕು, ಮಲ್ಟಿಮೀಟರ್ ಹಿಡಿಯಲು ಬರಬೇಕು. ಜೆಟ್ ಬಿಚ್ಚಿ ಗಾಳಿ ಊದಿ ಗಾಡಿ ಚಾಲೂ ಮಾಡುವ ಕಾಲ ಹಳೇ ಗಾಡಿಗಳ ಜೊತೆಗೇ ಹೋಗುತ್ತಿದೆ. ಈಗ ಬ್ಯಾಟರಿ ಗಾಡಿಗಳೂ ರಸ್ತೆಗಿಳಿದಿವೆ, ಅವುಗಳಲ್ಲಿ ಬೋರು ಪಿಸ್ಟನ್ನೇ ಇಲ್ಲ. ಬರೀ ಗ್ಯಾರೇಜು ನಂಬಿದ ಹುಡುಗ ಹತ್ತು ವರ್ಷದ ಮೇಲೆ ಪಂಚರಿಗೂ ಆಯಿಲ್ ಬದಲಿಗೂ ಇಳಿಯಬೇಕಾದೀತು ಅನ್ನುವುದೇ ನನ್ನ ಭಯ.

ಹಾಗಾಗಿ ಹುಡುಗನ ಮಾವನನ್ನು ಬಿಡಬೇಡಿ, ಅವನ ವೇಳೆ ಬದಲಿಸಿ. ವಾರದಲ್ಲಿ ಐದಾರು ದಿನ ಐಟಿಐ, ರವಿವಾರ ಮತ್ತು ಸೂಟಿಯಲ್ಲಿ ಮಾವನ ಗ್ಯಾರೇಜು. ಐಟಿಐ ವರ್ಕ್‌ಶಾಪಿನಲ್ಲಿ ಬಿಚ್ಚಿ ಜೋಡಿಸುವ ಎಂಜಿನ್ ಬಹಳಷ್ಟು ಸಲ ಹಳೆಯದು, ಗಿರಾಕಿ ಇಲ್ಲದ್ದು. ಬೈಯುವ ಗಿರಾಕಿ ಎದುರಿಗೆ ನಿಂತಾಗ ಕೈ ಹೇಗೆ ಓಡಬೇಕು ಅನ್ನುವುದನ್ನು ಮಾವನೇ ಕಲಿಸಬೇಕು. ದಿನಕ್ಕೆ ಇಷ್ಟು ಅಂತ ಹುಡುಗನ ಕೈಗೆ ಕೊಡಲು ತಮ್ಮನಿಗೆ ಮೊದಲೇ ಹೇಳಿ. ಸಂಬಂಧದಲ್ಲಿ ಪುಕ್ಕಟೆ ಕೆಲಸ ಒಂದು ವರ್ಷ ನಡೆಯುತ್ತದೆ, ಆಮೇಲೆ ಮನಸ್ತಾಪ ಶುರುವಾಗುತ್ತದೆ. 18 ತುಂಬಿದ ಕೂಡಲೇ ಡ್ರೈವಿಂಗ್ ಲೈಸೆನ್ಸ್ ಮಾಡಿಸಿ, ಲೈಸೆನ್ಸ್ ಇಲ್ಲದ ಮೆಕ್ಯಾನಿಕ್ ಗಾಡಿ ಟ್ರಯಲ್ ನೋಡುವಂತಿಲ್ಲ.

ಕನ್ನಡ ಶಾಲೆಯ ಹುಡುಗ ಮರಾಠಿ ಪಾಠಕ್ಕೆ ಹೇಗೆ ಒಗ್ಗುತ್ತಾನೆಂಬ ಚಿಂತೆ ನಿಮ್ಮ ಕಾಗದದಲ್ಲಿಲ್ಲ, ಆದರೆ ಅಕ್ಕಲಕೋಟದ ಬೇರೆ ತಾಯಂದಿರು ನನ್ನನ್ನು ಕೇಳುತ್ತಾರೆ. ಮಹಾರಾಷ್ಟ್ರದ ಕನ್ನಡ ಶಾಲೆಗಳಲ್ಲಿ ಮಕ್ಕಳು ಮರಾಠಿಯನ್ನೂ ಕಲಿತೇ ಇರುತ್ತಾರೆ, ಬಜಾರಿನಲ್ಲಂತೂ ಎರಡೂ ಓಡುತ್ತವೆ. ತೊಡಕಾಗುವುದು ವರ್ಕ್‌ಶಾಪ್ ಲೆಕ್ಕ ಮತ್ತು ಎಂಜಿನಿಯರಿಂಗ್ ಡ್ರಾಯಿಂಗು. ಸೂಟಿಯಲ್ಲಿ ಭಿನ್ನರಾಶಿ, ದಶಾಂಶ, ಶೇಕಡಾವಾರು ತಿದ್ದಿಸಿ. ಮುಂದೆ ಅಂಗಡಿ ಹಾಕಿದರೆ ಈ ಎರಡು ಭಾಷೆ ಅವನ ಬಂಡವಾಳವೇ. ಅಕ್ಕಲಕೋಟದ ಸ್ವಾಮಿ ಸಮರ್ಥರ ದರ್ಶನ ಮುಗಿಸಿ ಗಾಣಗಾಪುರಕ್ಕೆ ಹೋಗುವ ಗಾಡಿಗಳಲ್ಲಿ ಮರಾಠಿಗರೂ ಇರುತ್ತಾರೆ, ಕನ್ನಡದವರೂ ಇರುತ್ತಾರೆ.

ಅಂಗಡಿ ಹಾಕುವ ಕಾಲಕ್ಕೆ ಎರಡು ವಿಷಯ ನೆನಪಿರಲಿ. 18 ದಾಟಿದ ಹಳ್ಳಿಯ ಯುವಕರಿಗೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ದ್ವಿಚಕ್ರ ವಾಹನ ರಿಪೇರಿಯ 30 ದಿನದ ತರಬೇತಿ ಊಟ ವಸತಿ ಸಮೇತ ಪುಕ್ಕಟೆ ಸಿಗುತ್ತದೆ. 1982ರಲ್ಲಿ ನಮ್ಮ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ತರಬೇತಿ ಸಂಸ್ಥೆಯ ಮಾದರಿಯೇ ಇದು. ಮುದ್ರಾ ಯೋಜನೆಯ ಶಿಶು ಸಾಲ 50 ಸಾವಿರದವರೆಗೆ, ಅಡವಿಲ್ಲದೆ.

ಇಷ್ಟಾಗಿಯೂ ಮಗ ಪುಣೆ ಪುಣೆ ಅಂದರೆ ಆ ಸಂಸ್ಥೆಗೆ ನೀವೇ ಹೋಗಿ ಬನ್ನಿ. ಹೋದ ವರ್ಷ ಮುಗಿಸಿದವರ ಪೈಕಿ ಇಬ್ಬರ ಫೋನ್ ನಂಬರ್ ಕೇಳಿ. ‘ಖಾತ್ರಿ’ ಅನ್ನುವುದನ್ನು ಕಂಪನಿಯ ಹೆಸರು, ಪಗಾರದ ಸಮೇತ ಕಾಗದದ ಮೇಲೆ ಬರೆದುಕೊಡಿ ಅನ್ನಿ. ನೌಕರಿ ಕೊಡದಿದ್ದರೆ ಫೀ ವಾಪಸೇ ಅಂತ ಕೇಳಿ. ಬರೆದುಕೊಡಲು ಹಿಂದೆ ಮುಂದೆ ನೋಡಿದರೆ ಚಹಾ ಕುಡಿದು ಎದ್ದು ಬನ್ನಿ.

ಈಗಿನ ಕೆಲಸ ಇದು. ಮಹಾರಾಷ್ಟ್ರದ ಐಟಿಐ ಪ್ರವೇಶವೆಲ್ಲ ಆನ್‌ಲೈನ್. ಹತ್ತನೇತ್ತದ ಮಾರ್ಕ್ಸ್ ಕಾರ್ಡು, ಶಾಲೆ ಬಿಟ್ಟ ದಾಖಲೆ, ಜಾತಿಯ ದಾಖಲೆ ಇದ್ದರೆ ಅದು, ಇವನ್ನು ಹಿಡಿದು ಹುಡುಗನ ಜೊತೆ ಅಕ್ಕಲಕೋಟದ ಐಟಿಐಗೆ ಹೋಗಿ. ಯಾವ ಐಟಿಐಯಲ್ಲಿ ಯಾವ ಟ್ರೇಡಿಗೆ ಜಾಗ ಇದೆ ಅನ್ನುವುದನ್ನು ಅಲ್ಲೇ ನೋಡಿ, ಮೋಟಾರು ಮೆಕ್ಯಾನಿಕ್ ಮೊದಲ ಆಯ್ಕೆ, ಡೀಸೆಲ್ ಎರಡನೆಯದು ಎಂದು ತುಂಬಿಸಿ. ಅರ್ಜಿ ತುಂಬಿದರಷ್ಟೇ ಮುಗಿಯಲಿಲ್ಲ, ಕಾಗದಪತ್ರ ತೋರಿಸಿ ಅದನ್ನು ಕನ್‌ಫರ್ಮ್ ಮಾಡಿಸಲೇಬೇಕು. ಕನ್‌ಫರ್ಮ್ ಆಗದ ಅರ್ಜಿ ಮೆರಿಟ್ ಪಟ್ಟಿಗೆ ಬರುವುದಿಲ್ಲ.