ಬಿಸಿಯಾದರೆ ನಿಲ್ಲುವ ಯೆಜ್ಡಿ

ಮಡಕಶಿರಾದಿಂದ ರಾಯದುರ್ಗಕ್ಕೆ ಹೊರಟರೆ ನಡುದಾರಿಯಲ್ಲಿ ನಿಲ್ಲುವ ನಿಮ್ಮ ಯೆಜ್ಡಿ, ಆರಿದ ಮೇಲೆ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ ಎಂದರೆ ಕಾರ್ಬುರೇಟರ್ ಬಿಚ್ಚಿಸಬೇಡಿ. ನನ್ನ ಅನುಮಾನ ಕಂಡೆನ್ಸರ್ ಮೇಲೆ, ಆಮೇಲೆ ಕಾಯಿಲ್ ಮೇಲೆ. ಗಾಡಿ ನಿಂತಾಗ, ಬಿಸಿಯಿರುವಾಗಲೇ, ಪ್ಲಗ್ ಬಿಚ್ಚಿ ಕ್ಯಾಪ್‌ಗೆ ಸಿಕ್ಕಿಸಿ; ಪ್ಲಗ್ ತೂತಿನಿಂದ ದೂರದಲ್ಲಿ ಎಂಜಿನ್‌ಗೆ ತಾಗಿಸಿ ಕಿಕ್ ಹೊಡೆಯಿರಿ. ಕಿಡಿ ನೀಲಿಯಾಗಿ ಚಟಚಟ ಎನ್ನಬೇಕು. ಹಳದಿಯಾಗಿ ಸಣಕಲಾಗಿದ್ದು, ಪಾಯಿಂಟ್‌ ಕೂಡ ಸುಟ್ಟು ಕಪ್ಪಾಗಿದ್ದರೆ ಕಂಡೆನ್ಸರ್ ಬದಲಿಸಿ, ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇಡಿಸಿ. ಆಮೇಲೂ ನಿಂತರೆ ಕಾಯಿಲ್ ಬದಲಿಸಿ.

ಏರಿನಲ್ಲಿ ಎಳೆಯುವುದಿಲ್ಲ ಎಂದಿರಲ್ಲ, ಅದು ಬೇರೆ ರೋಗ. ಪೆಟ್ರೋಲಿಗೆ ಬೆರೆಸಿದ ಆಯಿಲ್‌ ಉರಿದು ಸೈಲೆನ್ಸರ್‌ನಲ್ಲಿ ಕರಿ ಕಟ್ಟಿರುತ್ತದೆ. ಬಿಚ್ಚಿ ಕ್ಲೀನ್ ಮಾಡಿಸಿ.

ಹಳೆಯ ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಾಗಾಗಿ ಅದರ ಅಸಲಿ ಭಾಗಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.