ಒಲೆಯ ಹೊಗೆ ಎಂದರೆ ಉರಿಯದೆ ಹೋದ ಸೌದೆ



ಈಚೆಗೆ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಹೊಸ ಒಲೆಗೆ ಸಾಲ ಬೇಕೆಂದು ಮೂವರು ಸದಸ್ಯೆಯರು ಕೇಳಿದ್ದರು. ಕೂಡಲೇ ಹಿರಿಯಕ್ಕ ಒಬ್ಬರು, "ಹಿಂದೆ ಕಟ್ಟಿಸಿದ ಹೊಗೆರಹಿತ ಒಲೆಯಲ್ಲಿ ಈಗ ಕೋಳಿ ಮೊಟ್ಟೆ ಇಡ್ತಾ ಇದೆ. ಇನ್ನೊಂದು ಯಾಕಮ್ಮಾ?" ಅಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಆ ಅಕ್ಕ ಕೇಳಿದ್ದು ನ್ಯಾಯವಾದ ಪ್ರಶ್ನೆ. ಈ ತಿಂಗಳ ಪಾಠ ಅದರ ಬಗ್ಗೆಯೇ.

ಮೊದಲು, ಹೊಗೆ ಅಂದ್ರೆ ಏನು? ಸೌದೆಗೆ ಕಾವು ತಗುಲಿದಾಗ ಅದರ ತೂಕದ ಸುಮಾರು ಮುಕ್ಕಾಲು ಪಾಲು ಅನಿಲವಾಗಿ ಹೊರಗೆ ಬರುತ್ತದೆ. ಉಳಿದದ್ದು ಕೆಂಡ. ನಾವು ಕಾಣುವ ಜ್ವಾಲೆ ಈ ಅನಿಲ ಉರಿಯುವುದೇ. ಅದು ಪೂರ್ತಿ ಉರಿಯಬೇಕಾದರೆ ಸಾಕಷ್ಟು ಕಾವು ಬೇಕು, ಗಾಳಿ ಬೇಕು, ಎರಡೂ ಚೆನ್ನಾಗಿ ಬೆರೆಯಬೇಕು. ಒಂದು ಕಡಿಮೆಯಾದರೂ ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ. ಊದುಗೊಳವೆಯಲ್ಲಿ ಊದಿದ ತಕ್ಷಣ ಹೊಗೆ ನಿಂತು ಬೆಂಕಿ ಹತ್ತಿಕೊಳ್ಳುವುದನ್ನು ನೀವೆಲ್ಲ ನೋಡಿದ್ದೀರಿ. ವಿಜ್ಞಾನಿಗಳು ಲೆಕ್ಕ ಹಾಕಿ ತಿಳಿದ ವಿಷಯ ನಿಮ್ಮ ಕೈಗೆ ಮೊದಲೇ ಗೊತ್ತಿತ್ತು.

ಮೂರು ಕಲ್ಲಿನ ಒಲೆಯಲ್ಲಿ ಹತ್ತು ಕಿಲೋ ಸೌದೆ ಉರಿಸಿದರೆ ಸುಮಾರು ಒಂದು ಕಿಲೋ ಸೌದೆಯ ಕಾವು ಮಾತ್ರ ಪಾತ್ರೆಗೆ ಸೇರುತ್ತದೆ. ಮಿಕ್ಕ ಕಾವಿನಲ್ಲಿ ಹೆಚ್ಚಿನದು ಪಕ್ಕಕ್ಕೆ ಹೋಗುತ್ತದೆ, ಸ್ವಲ್ಪ ಭಾಗ ಉರಿಯದ ಹೊಗೆಯಾಗುತ್ತದೆ. ಆ ಸ್ವಲ್ಪವೇ ಎದೆಗೆ ಕೂರುವುದು. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಎಂಬ ಸಂಶೋಧಕರು ತಮ್ಮ ಜೊತೆಗಾರರೊಂದಿಗೆ ಗುಜರಾತಿನ ಹಳ್ಳಿಗಳಿಗೆ ಹೋಗಿ, ಅಡಿಗೆ ಮಾಡುವ ಹೆಂಗಸರು ಎಷ್ಟು ಹೊಗೆ ಕುಡಿಯುತ್ತಾರೆ ಎಂದು ಅಳೆದರು. ಅದುವರೆಗೆ ಹೊಗೆ ಅಂದರೆ ಕಾರ್ಖಾನೆ, ಲಾರಿ ಅಂತಲೇ ಎಲ್ಲರ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ನೇ ವರ್ಷ ಒಂದರಲ್ಲೇ ಮನೆಯೊಳಗಿನ ಹೊಗೆಯಿಂದ ಲೋಕದಲ್ಲಿ 32 ಲಕ್ಷ ಜನ ಸತ್ತರು. ಇದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಒಲೆ ಮುಂದೆ ಕೂತ ತಾಯಿಯ ಮಡಿಲಲ್ಲಿ ಕೂಸೂ ಇರುತ್ತದಲ್ಲವೇ?

ನಮ್ಮ ರಾಜ್ಯದಲ್ಲೇ ಇದಕ್ಕೆ ಕೆಲಸ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಅದರ ಗುರಿ. ಅಲ್ಲಿ ಹುಟ್ಟಿದ್ದೇ ಅಸ್ತ್ರ ಒಲೆ. ಸುತ್ತ ಮುಚ್ಚಿದ ಬೆಂಕಿಗೂಡು, ಕೆಳಗೆ ಗಾಳಿ ಆಡಲು ಕಬ್ಬಿಣದ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆಕೊಳವೆ. ಒಂದೇ ಬೆಂಕಿಯ ಕಾವು ಮೂರು ಪಾತ್ರೆಗೂ ತಾಗಿ ಹೋಗುವಂತೆ ಕಟ್ಟಿದ್ದರು. ಕೇಂದ್ರ ಸರ್ಕಾರವೂ 1980ರ ದಶಕದಿಂದ 2002ರವರೆಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಸುಧಾರಿತ ಒಲೆಗಳನ್ನು ಹಂಚಿತು.

ಹಾಗಾದರೆ ಕೋಳಿ ಯಾಕೆ ಮೊಟ್ಟೆ ಇಟ್ಟಿತು?

ಒಡಿಶಾದ ಹಳ್ಳಿಗಳಲ್ಲಿ ಸಂಶೋಧಕರು ಎರಡೂವರೆ ಸಾವಿರಕ್ಕೂ ಹೆಚ್ಚು ಮನೆಗಳನ್ನು ನಾಲ್ಕು ವರ್ಷ ಗಮನಿಸಿದರು. ಮೊದಲ ವರ್ಷ ಒಳಗೆ ಹೋಗುವ ಹೊಗೆ ಕಡಿಮೆಯಾಯಿತು. ಆಮೇಲೆ ಆ ಲಾಭ ಕರಗಿಹೋಯಿತು. ಮಣ್ಣು ಬಿರುಕು ಬಿಟ್ಟರೆ ಮೆತ್ತಲಿಲ್ಲ, ಕೊಳವೆಯ ಮಸಿ ತೆಗೆಯಲಿಲ್ಲ, ಹಳೆ ಒಲೆ ಪಕ್ಕದಲ್ಲೇ ಉರಿಯುತ್ತಿತ್ತು. ಇದರಲ್ಲಿ ಹೆಂಗಸರದ್ದೇ ತಪ್ಪು ಎಂದು ನಾವು ಒಪ್ಪುವುದಿಲ್ಲ. ಕೊಳವೆ ಒಳಗೆ ಕುಂಚ ಹಾಕುವುದನ್ನು ತೋರಿಸದೆ, ಬಿರುಕು ಸರಿಮಾಡುವವರನ್ನು ಊರಲ್ಲಿ ತಯಾರು ಮಾಡದೆ, ಒಲೆ ಕಟ್ಟಿ ಫೋಟೋ ತೆಗೆದು ಹೋದರೆ ಇನ್ನೇನಾಗುತ್ತದೆ? ಇನ್ನೊಂದು ಮಾತು. ಕೊಳವೆ ಹೊಗೆಯನ್ನು ಹೊರಗೆ ಸಾಗಿಸುತ್ತದೆ, ಸುಡುವುದಿಲ್ಲ. ಅದು ಗಿಡ್ಡವಾಗಿದ್ದರೆ ಪಕ್ಕದ ಮನೆಯವರು ಕೆಮ್ಮಬೇಕು.

ಹೊಗೆಯನ್ನೇ ಸುಡುವ ಒಲೆಯೂ ಬಂತು. ಅದೇ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಚ್.ಎಸ್. ಮುಕುಂದ ಅವರ ತಂಡ ಒಂದು ಕಂಪನಿಯ ಜೊತೆ ಸೇರಿ 'ಊರ್ಜಾ' ಒಲೆ ಮಾಡಿತು. ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆಯಂಥ ಬೆಳೆಕಸವನ್ನು ಒತ್ತಿ ಮಾಡಿದ ಸಣ್ಣ ಉಂಡೆ ಇದರ ಇಂಧನ. ಬೆಂಕಿ ಹಚ್ಚುವುದು ಮೇಲಿನಿಂದ. ಬ್ಯಾಟರಿಯ ಪುಟ್ಟ ಫ್ಯಾನು ಕೆಳಗಿಂದಲೂ ಮೇಲಿನ ತೂತುಗಳಿಂದಲೂ ಗಾಳಿ ಕೊಡುತ್ತದೆ. ಏಳುವ ಅನಿಲ ಹೊರಗೆ ಹೋಗುವ ಮೊದಲೇ ಉರಿದುಬಿಡುತ್ತದೆ. ನಿಮ್ಮ ಊದುಗೊಳವೆಯ ಕೆಲಸವನ್ನೇ ಫ್ಯಾನು ಬಿಡುವಿಲ್ಲದೆ ಮಾಡುತ್ತದೆ ಅನ್ನಿ. ಸುಮಾರು ನಾಲ್ಕು ಲಕ್ಷ ಒಲೆ ಮಾರಾಟವಾಯಿತು. ಆದರೆ ಅದೇ ಬೆಳೆಕಸಕ್ಕೆ ಬೇರೆ ಗಿರಾಕಿಗಳೂ ಇದ್ದರು, ಉಂಡೆಯ ಬೆಲೆ ಏರಿತು. ಉಂಡೆ ಇಲ್ಲದಿದ್ದರೆ ಆ ಒಲೆಗೆ ಪುಳ್ಳೆ ತುರುಕಲು ಆಗುವುದಿಲ್ಲ. ಅನೇಕ ಮನೆಗಳಲ್ಲಿ ಅದು ಅಟ್ಟ ಸೇರಿತು.

ಗೋಬರ್ ಗ್ಯಾಸಿಗೂ ಹೀಗೆಯೇ ಒಂದು ಲೆಕ್ಕ ಇದೆ. ಎರಡು ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನ ಬೇಕು. ಒಂದೇ ಹಸು ಇರುವವರು ಸಬ್ಸಿಡಿ ಇದೆಯೆಂದು ಗುಂಡಿ ತೋಡಿಸಬೇಡಿ.

ಸಿಲಿಂಡರ್ ಇರುವ ಮನೆಯಲ್ಲಿ ಸಾಧ್ಯವಾದಷ್ಟು ಅಡಿಗೆ ಅದರಲ್ಲೇ ಆಗಲಿ. ಆದರೆ ಸ್ನಾನದ ನೀರಿನ ಹಂಡೆ, ದನದ ಮುಸುರೆ ಇನ್ನೂ ಸೌದೆಯಲ್ಲೇ ಕಾಯುತ್ತಿವೆ ತಾನೇ? ಅಲ್ಲಿ ಸೌದೆಯನ್ನು ಸಣ್ಣಗೆ ಸೀಳಿ, ಚೆನ್ನಾಗಿ ಒಣಗಿಸಿ ಹಾಕಿ. ಹಸಿ ಸೌದೆಯ ಕಾವು ಅದರ ನೀರು ಆರಿಸುವುದಕ್ಕೇ ಖರ್ಚಾಗುತ್ತದೆ. ಮಗುವನ್ನು ಒಲೆ ಹತ್ತಿರ ಕೂರಿಸಿಕೊಳ್ಳಬೇಡಿ.

ಇನ್ನು ಸಾಲದ ವಿಷಯ. ಆ ಸಂಘದವರು ಅಂದು ಮೂರು ಅರ್ಜಿಗಳನ್ನೂ ತಳ್ಳಲಿಲ್ಲ, ಮಂಜೂರೂ ಮಾಡಲಿಲ್ಲ. ಒಲೆ ಮಾರುವವರನ್ನೇ ಮುಂದಿನ ಸಭೆಗೆ ಕರೆಸಿ, ಇಂಧನ ಎಲ್ಲಿ ಸಿಗುತ್ತದೆ, ಕೆಟ್ಟರೆ ಯಾರು ಬರುತ್ತಾರೆ ಎಂದು ಕೇಳುವುದಾಗಿ ನಿರ್ಣಯ ಬರೆದರು. ಅಷ್ಟರೊಳಗೆ ಮೂವರೂ ಒಂದು ವಾರ ದಿನಕ್ಕೆ ಎಷ್ಟು ಸೌದೆ ಉರಿಯುತ್ತದೆ ಎಂದು ತೂಗಿ ಬರೆದು ತರಬೇಕು. ತೂಗಲು ರೇಷನ್ ಅಂಗಡಿಯ ತಕ್ಕಡಿ ಕೇಳುವ ಕೆಲಸವನ್ನು ಕೋಳಿಯ ಮಾತು ಆಡಿದ ಅಕ್ಕನೇ ವಹಿಸಿಕೊಂಡಿದ್ದಾರೆ.